ಒಳಗಿನ ಚಿಲಕ

ಎರಡು ವರ್ಷದ ಹಿಂದಿನ ಮಾತು. ಹುಮನಾಬಾದಿನಲ್ಲಿ ನಾನು ಆರ್ಕಿಟೆಕ್ಟ್ ಆಗಿ ಕಚೇರಿ ತೆರೆದು ಆಗಲೇ ಬಹಳ ವರ್ಷಗಳಾಗಿದ್ದವು. ಕಲ್ಯಾಣಮಂಟಪ, ಶಾಲೆ, ಪೆಟ್ರೋಲ್ ಬಂಕ್ ಎಲ್ಲ ಮಾಡಿ ಕೈ ಪಳಗಿತ್ತು. ಬಟ್ಟೆ ಬದಲಿಸುವ ಒಂದು ಕೋಣೆ ನನ್ನನ್ನು ಇಷ್ಟು ಸತಾಯಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಕರೆ ಬಂದದ್ದು ಬಸವಕಲ್ಯಾಣದ ಒಂದು ಈಜುಕೊಳ ಮತ್ತು ವ್ಯಾಯಾಮ ಕೇಂದ್ರದಿಂದ. ಅದರ ಅಧ್ಯಕ್ಷರು ಗಫೂರ್ ಸಾಹೇಬರು, ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವರು. ಗಂಡಸರಿಗೊಂದು, ಹೆಂಗಸರಿಗೊಂದು ಲಾಕರ್ ರೂಮ್ ಅಲ್ಲಿ ಇದ್ದವು. ಮೂರನೆಯದು ಬೇಕಾದದ್ದು ಶಾಂತಾಬಾಯಿಯವರಿಂದಾಗಿ.

ಶಾಂತಾಬಾಯಿ ಹುಲಸೂರಿನವರು. ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ನೀರಿನಲ್ಲಿ ನಡೆದರೆ ಕಾಲಿಗೆ ಬಲ ಬರುತ್ತದೆ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದರಿಂದ ಗಂಡ ಕಾಶಪ್ಪ ಅವರನ್ನು ಬಸ್ಸಿನಲ್ಲಿ ಕರೆತರುತ್ತಿದ್ದರು. ಕಾಶಪ್ಪ ನಿವೃತ್ತ ಕಂಡಕ್ಟರ್. ಹಳೆಯ ಸ್ನೇಹಕ್ಕೆ ಡ್ರೈವರುಗಳು ಕೇಂದ್ರದ ಗೇಟಿಗೇ ಬಸ್ ನಿಲ್ಲಿಸುತ್ತಿದ್ದರು. ತೊಂದರೆ ಇದ್ದದ್ದು ಗೇಟಿನ ಒಳಗೆ. ಹೆಂಗಸರ ಕೋಣೆಗೆ ಕಾಶಪ್ಪ ಹೋಗುವಂತಿಲ್ಲ. ಒದ್ದೆ ಚೂಡಿದಾರ ಬಿಚ್ಚಿ ಸೀರೆ ಉಡಿಸುವ ಕೆಲಸ ಅಲ್ಲಿಯ ಆಯಾಗಳ ಪಾಲಿಗೆ ಬಂತು. ಅವರೇನೂ ಕೆಟ್ಟವರಲ್ಲ. ಆದರೆ ಎಲ್ಲರ ಎದುರು ಕೈ ಎತ್ತಿಸಿ, ತಿರುಗಿಸಿ, ಸೀರೆ ಸುತ್ತುವಾಗ ಶಾಂತಾಬಾಯಿ ಒಂದು ದಿನ ಅತ್ತುಬಿಟ್ಟರು. ಮರುದಿನದಿಂದ ಬರುವುದನ್ನೇ ಬಿಟ್ಟರು. ಸುಧಾರಿಸುತ್ತಿದ್ದ ಕಾಲು ಮತ್ತೆ ಬಿಗಿಯತೊಡಗಿತು.

ಮೂರನೆಯ ಕೋಣೆಗೆ ನಾನು ವರಾಂಡದ ಪಕ್ಕದ ಸ್ಟೋರ್ ರೂಮನ್ನು ಆರಿಸಿಕೊಂಡೆ. ಹೆಂಡತಿಗೆ ಗಂಡ, ಅಪ್ಪನಿಗೆ ಮಗಳು ಜೊತೆಯಲ್ಲಿದ್ದು ನೆರವಾಗುವ ಇಂಥ ಕೋಣೆಗೆ ನಮ್ಮ ವೃತ್ತಿಯಲ್ಲಿ ಫ್ಯಾಮಿಲಿ ಚೇಂಜಿಂಗ್ ರೂಮ್ ಎನ್ನುತ್ತೇವೆ. ಗಾಲಿಕುರ್ಚಿ ತಿರುಗುವಷ್ಟು ಜಾಗ, ಕೂತೇ ಸ್ನಾನ ಮಾಡುವ ಬೆಂಚು, ಕೂತವರ ಕೈಗೆಟಕುವ ಲಾಕರ್, ಹಿಡಿದು ನಿಲ್ಲಲು ಗೋಡೆಗೆ ಕಂಬಿ. ನೆರಿಗೆ ಒದ್ದೆಯಾಗದಂತೆ ಸೀರೆ ಉಡುವ ಮೂಲೆಯ ನೆಲ ತುಸು ಎತ್ತರ. ಸೀರೆಯ ತುದಿ ಸಿಕ್ಕಿಸಲು ಸೊಂಟದ ಎತ್ತರಕ್ಕೆ ಗೋಡೆಯಲ್ಲೊಂದು ಕ್ಲಿಪ್.

ನಕ್ಷೆಯಲ್ಲಿ ಚಿಲಕ ಕಂಡದ್ದೇ ಗಫೂರ್ ಸಾಹೇಬರು ಪೆನ್ನು ತೆಗೆದು ಗೀಟು ಹೊಡೆದರು.

"ಒಳಗ ಚಿಲಕ ಬ್ಯಾಡ್ರಿ ಮೇಡಮ್. ನಮ್ಮ ಅಮ್ಮೀ ಬಚ್ಚಲದಾಗ ಬಿದ್ದಿದ್ರು. ನಾವು ಬಾಗಲಾ ಒಡಿಯೋತನಾ ಒಳಗಿಂದ ಕರೀತಾನೇ ಇದ್ರು. ಆ ದನಿ ಇನ್ನೂ ಕಿವಿಯಾಗ ಅದ."

ಚಿಲಕದ ಬದಲು ಹೊರಗೊಬ್ಬ ಆಯಾ ಕಾವಲು ಕೂರಲಿ ಎಂದರು. ನಾನು ನಕ್ಷೆ ಹಿಡಿದು ಹುಲಸೂರಿಗೆ ಹೋದೆ. ಶಾಂತಾಬಾಯಿ ಎಲ್ಲವನ್ನೂ ಕೇಳಿಸಿಕೊಂಡು, "ಚಿಲಕ ಎಲ್ಲಿ ಅದ ತಂಗಿ?" ಎಂದರು. ವಿಷಯ ಹೇಳಿದೆ.

"ನಾ ಇರ್ತೀನಲ್ಲ, ಚಿಲಕ ಯಾಕ?" ಎಂದರು ಕಾಶಪ್ಪ.

"ನೀವಿದ್ರೇನಾತು? ಯಾರರ ದೂಡಿದ್ರ ತೆರಿಯೋ ಬಾಗಲದ ಹಿಂದ ನಾ ಸೀರಿ ಬಿಚ್ಚಂಗಿಲ್ಲ. ಕಾಲು ಹೋದ್ರ ಹೋಗ್ಲಿ."

ಆಕೆಯ ಹಟ ನನಗೆ ಹಿಡಿಸಿತು. ಸಾಹೇಬರ ಭಯವೂ ಸುಳ್ಳಲ್ಲ. ಇಬ್ಬರನ್ನೂ ಬಿಟ್ಟುಕೊಡಲು ಮನಸ್ಸು ಬಾರದೆ ಹೈದರಾಬಾದಿನಿಂದ ಬೇರೆ ಬಗೆಯ ಚಿಲಕ ತರಿಸಿದೆ. ಒಳಗಿನಿಂದ ಒಂದೇ ಕೈಯಲ್ಲಿ ತಿರುಗಿಸಬಹುದು. ಹೊರಗೆ ಸಣ್ಣ ಸೀಳು, ಅಪಾಯವಾದರೆ ನಾಣ್ಯ ಇಟ್ಟು ತಿರುವಿದರೆ ತೆರೆಯುತ್ತದೆ. ಬಿದ್ದವರು ಬಾಗಿಲಿಗೆ ಅಡ್ಡವಾಗದಂತೆ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿದೆ. ನೆಲದ ಮೇಲಿಂದಲೂ ಎಳೆಯಬಹುದಾದ ಗಂಟೆಯ ಹಗ್ಗ ಇಳಿಬಿಟ್ಟೆ. ಸಾಹೇಬರಿಗೆ ತೋರಿಸಲು ನಾನು ಒಳಗೆ ಚಿಲಕ ಹಾಕಿ ಕೂತೆ. ಸಾಹೇಬರು ನಾಣ್ಯದಿಂದ ತೆರೆದರು. ಮತ್ತೆ ಹಾಕಿ ಎಂದರು, ಮತ್ತೆ ತೆರೆದರು. ನನಗೆ ಸಾಕಾಗುವವರೆಗೂ ಬಿಡಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, "ಇದು ಆವಾಗ ಇದ್ದಿದ್ರ" ಎಂದಷ್ಟೇ ಹೇಳಿದರು.

ಶಾಂತಾಬಾಯಿ ಮತ್ತೆ ಬರತೊಡಗಿದರು. ಕಂಬಿ ಹಿಡಿದು ಅವರು ನಿಂತರೆ ಕಾಶಪ್ಪ ಕೂತು ನೆರಿಗೆ ಹಿಡಿಯುತ್ತಿದ್ದರಂತೆ. ಟಿಕೆಟ್ ಹರಿದ ಕೈ ಈಗ ನೆರಿಗೆ ಎಣಿಸಾಕತ್ತದ ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ಕೆಲವು ತಿಂಗಳ ನಂತರ ಬಿಲ್ಲಿನ ಕೆಲಸಕ್ಕೆಂದು ಹೋದಾಗ ಕಾಶಪ್ಪ ಆ ಕೋಣೆಯ ಹೊರಗೆ ನಿಂತಿದ್ದರು. ಮುಖ ಬಾಡಿತ್ತು. "ಇವತ್ತ ನನಗ ಹೊರಗ ಹಾಕ್ಯಾಳ್ರಿ. ತಾನೇ ಉಟ್ಕೋತಾಳಂತ. ಸೊಸಿ ಕಡಿಂದ ಪೆಟಿಕೋಟಿಗಿ ಲಾಡಿ ಬದ್ಲಿ ಇಲಾಸ್ಟಿಕ್ ಹಾಕಿಸ್ಕೊಂಡಾಳ, ನನಗ ಹೇಳೇ ಇಲ್ಲ."

ಒಳಗೆ ಏನೂ ಸದ್ದಿಲ್ಲ. ಗಫೂರ್ ಸಾಹೇಬರು ಬಂದರು. ಜೇಬಿನಿಂದ ನಾಣ್ಯ ಆಗಲೇ ಕೈಗೆ ಬಂದಿತ್ತು.

"ತೆರೀಲೇನು ಕಾಶಪ್ಪಣ್ಣ?"

ಕಾಶಪ್ಪ ಅವರ ಕೈ ಹಿಡಿದರು. "ಬ್ಯಾಡ್ರಿ ಸಾಹೇಬ್ರ. ಆಕಿ ಕರೀಲಿ."

ಮೂವರೂ ಬಾಗಿಲ ಮುಂದೆ ಕಾಯುತ್ತ ನಿಂತೆವು. ಆಮೇಲೆ ಚಿಲಕ ಒಳಗಿನಿಂದ ತಿರುಗಿತು. ಶಾಂತಾಬಾಯಿ ಹೊರಬಂದರು. ನೆರಿಗೆ ಒಂದು ಬದಿಗೆ ವಾಲಿತ್ತು, ಸೆರಗು ನೆಲಕ್ಕೆ ತಾಗುತ್ತಿತ್ತು. ದಿನವಿಡೀ ಸೀರೆ ಮಾರುವ ಸಾಹೇಬರು ಅಷ್ಟು ಚಂದದ ಸೀರೆ ಕಂಡಿಲ್ಲದವರಂತೆ ನೋಡುತ್ತಿದ್ದರು. ಕಾಶಪ್ಪನವರ ಕಣ್ಣು ತುಂಬಿತ್ತು, ನನ್ನದೂ.

"ಏನು ನೋಡಾಕತ್ತೀರಿ? ಬಸ್ ಹೋಗ್ತದ, ನಡ್ರಿ," ಎಂದರು ಶಾಂತಾಬಾಯಿ.

ಈಗಲೂ ಇಂಥ ಕೋಣೆಯ ನಕ್ಷೆ ಮೇಜಿಗೆ ಬಂದರೆ ನಾನು ಮೊದಲು ಹುಡುಕುವುದು ಒಳಗಿನ ಚಿಲಕವನ್ನು. ನೆರವು ಬೇಕಾದವರಿಗೆ ಇವತ್ತು ನೆರವು ಬೇಡ ಎನ್ನುವ ದಿನವೂ ಬರಬಹುದು. ಆ ದಿನ ಬಾಗಿಲು ಅವರ ಕೈಯಲ್ಲಿರಬೇಕು.