ಕುಳಿತಲ್ಲೇ ಓಡಿದ ಶಾಲೆ

ಕ್ಲಾತೆನ್ ಊರಿನ ನಮ್ಮ ಪ್ರಾಥಮಿಕ ಶಾಲೆಯಲ್ಲಿ ಬು ಸುಮಿಲಾ ಇಪ್ಪತ್ತಾರು ವರ್ಷದಿಂದ ಆಟದ ಟೀಚರ್; ನಮ್ಮ ಕಡೆ ಗೌರವಕ್ಕೆ ಹೆಂಗಸರನ್ನು 'ಬು', ಗಂಡಸರನ್ನು 'ಪಾಕ್' ಎಂದು ಕರೆಯುತ್ತೇವೆ. ಕೊರಳಲ್ಲಿ ಸೀಟಿ, ತಲೆವಸ್ತ್ರದ ಮೇಲೊಂದು ಮಾಸಿದ ಟೋಪಿ. ಹರೆಯದಲ್ಲಿ ಎಂಟುನೂರು ಮೀಟರ್ ಓಟದಲ್ಲಿ ಜಿಲ್ಲೆಗೇ ಮೊದಲಿಗರಂತೆ. ಪಾಪ, ಆಟವೆಂದರೆ ಬೆವರು ಎಂದು ನಂಬಿದ್ದ ಹಳೇಕಾಲದ ಹೆಂಗಸು.

ಹೊಸ ಹೆಡ್‌ಮಾಸ್ಟರ್ ಪಾಕ್ ಹಾರ್ದೋಯೊ ಬಂದು ನಮ್ಮೆಲ್ಲರ ಕಣ್ಣು ತೆರೆಸಿದರು. ಆಟದ ಅಂಗಳಕ್ಕೆ ಸಿಮೆಂಟು ಬಿತ್ತು. ಅವರ ಕಾರು ನಿಲ್ಲಲು ಜಾಗವಾಯಿತು. ಮಕ್ಕಳಿಗೆ ಮೂವತ್ತು ಟ್ಯಾಬ್ಲೆಟ್‌ಗಳ 'ಜಾಣ ಆಟದ ಕೋಣೆ' ಸಿಕ್ಕಿತು.

"ಇನ್ಮೇಲೆ ಮಂಡಿ ತರಚೋದಿಲ್ಲ, ಬಟ್ಟೆ ಕೊಳೆ ಆಗೋದಿಲ್ಲ!" ಎಂದರು. ಶಿಕ್ಷಕರೆಲ್ಲ ಒಪ್ಪಿ ಕೈ ಎತ್ತಿದರು. ನಾಲ್ಕು, ಐದನೇ ತರಗತಿಗಳ ಮೇಷ್ಟ್ರಾದ ನಾನು ಎರಡೂ ಕೈ ಎತ್ತಿದೆ.

ಸುಳ್ಳು ಹೇಳಬಾರದು, ಆ ಕೋಣೆಯಲ್ಲಿ ಮಕ್ಕಳು ಮಗ್ಗಿ ಚೆನ್ನಾಗಿಯೇ ಕಲಿತರು. ಪರದೆಯ ಓಟದಲ್ಲಂತೂ ನನ್ನ ತರಗತಿಯ ಕಿನಾಂತಿಯನ್ನು ಮೀರಿಸುವವರಿರಲಿಲ್ಲ. ಬು ಸುಮಿಲಾ ಮೂಲೆಯ ಕುರ್ಚಿಯಲ್ಲಿ ಕುಳಿತು, ಸರದಿ ಬದಲಾಯಿಸಲು ಸೀಟಿ ಊದುತ್ತಿದ್ದರು.

ವರ್ಷ ಕಳೆದ ಮೇಲೆ ಆರೋಗ್ಯ ಕೇಂದ್ರದ ನರ್ಸ್ ಬಂದು ಮಕ್ಕಳನ್ನು ನಿಜವಾಗಿ ಓಡಿಸಿದರು. ಎರಡನೇ ಸುತ್ತಿಗೆ ಕಿನಾಂತಿ ಎದೆ ಹಿಡಿದು ಕುಳಿತಳು. ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ ಅವಳಿಗೆ ಜೊತೆಕೊಟ್ಟರು.

"ಓಟದ ಪಟ್ಟೀಲಿ ಎಲ್ರಿಗೂ 'ಉತ್ತಮ' ಅಂತ ಬರೆದುಬಿಡಿ ಬು," ಎಂದರು ಹೆಡ್‌ಮಾಸ್ಟರ್, ಬು ಸುಮಿಲಾರಿಗೆ.

"ಬರೀತೀನಿ ಪಾಕ್. ಮೊದ್ಲು ನೀವು ಇವರ ಜೊತೆ ಒಂದು ಸುತ್ತು ಓಡಿ."

ಅವರು ಓಡಲಿಲ್ಲ, ಇವರು ಬರೆಯಲಿಲ್ಲ.

ಮರುದಿನದಿಂದ ಬು ಸುಮಿಲಾ ಬೆಳಿಗ್ಗೆ ಆರೂವರೆಗೇ ಶಾಲೆಗೆ ಬಂದು ಕಾರು ನಿಲ್ಲುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆಯತೊಡಗಿದರು. ಗೆರೆ ಕಾಯುವವರನ್ನು ತಪ್ಪಿಸಿ ಆಚೆ ದಾಟಿ ವಾಪಸು ಬರುವ ಗೋಬಾಕ್ ಸೋದೋರ್ ಆಟ. ಮಂಡಿಗಳು ತರಚಿದವು. ಕಿನಾಂತಿಯ ಅಜ್ಜಿ ಹರಿದ ಲಂಗ ಹಿಡಿದುಕೊಂಡೇ ಬಂದರು.

"ಏನಮ್ಮಾ, ಸ್ಕೂಲಾ ಇದು, ಕುಸ್ತಿ ಅಖಾಡಾನಾ?"

"ರಾತ್ರಿ ನಿದ್ದೆ ಮಾಡ್ತಾಳಾ, ಅಜ್ಜಿ?"

"ಹಾಸಿಗೆ ಕಂಡ್ರೆ ಸಾಕು ಬೀಳ್ತಾಳೆ. ಊಟಾನೂ ಕೇಳಿ ಬಡಿಸ್ಕೊಳ್ತಾಳೆ..." ಅಜ್ಜಿ ಲಂಗ ಮಡಚಿಕೊಂಡು ಹೊರಟುಹೋದರು.

ನನಗೆ ಅಚ್ಚರಿಯಾಗಿದ್ದು ಬೇರೆ. ತರಗತಿಯಲ್ಲಿ ಬಾಯಿ ಬಿಡದ ಆ ಹುಡುಗಿ ಅಲ್ಲಿ, "ಸುಳ್ಳು! ನೀನು ಗೆರೆ ತುಳಿದೆ, ಅವಳೂ ನೋಡಿದಾಳೆ, ಬೇಕಾದ್ರೆ ಕೇಳು!" ಎಂದು ಸಾಕ್ಷಿ ಸಮೇತ ವಾದಿಸುತ್ತಿದ್ದಳು. ಎರಡು ವರ್ಷ ಪಾಠ ಮಾಡಿ ನಾನು ಅವಳಿಂದ ಹೊರಡಿಸಿದ್ದು "ಹೂಂ" ಮಾತ್ರ.

ಒಂದು ದಿನ ಹೆಡ್‌ಮಾಸ್ಟರ್ ಬೇಗ ಬಂದರು. ಕಾರಿಗೆ ಯಾರೂ ದಾರಿ ಬಿಡಲಿಲ್ಲ.

"ಆಟ ಮುಗೀಲಿ ಪಾಕ್!" ಎಂದು ಕಿನಾಂತಿ ಗೆರೆಯ ಮೇಲೆ ಕೈ ಚಾಚಿ ನಿಂತಳು.

ಅವರು ಕೆಂಡವಾದರು. ಆದರೆ ಅದೇ ವಾರ, ಊರಿನ ಆಟಗಳನ್ನು ಶಾಲೆಗಳಲ್ಲಿ ಆಡಿಸಬೇಕೆಂದು ಮೇಲಿನಿಂದ ಸುತ್ತೋಲೆ ಬಂತು. ಪಾಕ್ ಹಾರ್ದೋಯೊಗೆ ರಾತ್ರೋರಾತ್ರಿ ಬಾಲ್ಯ ನೆನಪಾಯಿತು. 'ನನ್ನ ಕಲ್ಪನೆಯ ಕೂಸು' ಎಂದು ಭಾಷಣ ಮಾಡಿ ಪ್ರಶಸ್ತಿಪತ್ರ ಪಡೆದರು. ಸಮಾರಂಭದಲ್ಲಿ ಬು ಸುಮಿಲಾರಿಗೂ ದೊಡ್ಡ ಗೌರವ ಸಿಕ್ಕಿತು. ಅತಿಥಿಗಳಿಗೆ ಚಹಾ ಹಂಚಿದ್ದು ಅವರೇ.

"ಬೇಜಾರಾಗಲ್ವಾ ಬು?" ಎಂದೆ.

"ಫೋಟೋ ಅವರಿಗಿರ್ಲಿ ಬಿಡಿ ಮೇಷ್ಟ್ರೇ," ಎಂದರು ತಟ್ಟೆ ಜೋಡಿಸುತ್ತಾ. "ಆಟಕ್ಕೆ ವಾರದಲ್ಲಿ ಎರಡು ಪಿರಿಯಡ್ ಇತ್ತು, ಅವರ ಕೈಲಿ ನಾಲ್ಕು ಮಾಡಿಸ್ಕೊಂಡೆ. ಅದ್ರಲ್ಲಿ ಒಂದು ನಿಮ್ಮ ಗಣಿತದ್ದು."