ಸುಮ್ಮನೆ ನಡೆಯೋರಿಗೆ ಇಪ್ಪತ್ತು ರೂಪಾಯಿ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹೋಗಿ ನೋಡಿದ್ರೆ, ಹಿರೋಳ್ಳಿ ರಸ್ತೆಯಲ್ಲಿ ನಾವು ಯಾವಾಗಲೂ ಸ್ಕೂಟಿ ನಿಲ್ಲಿಸೋ ಬೇವಿನ ಗಿಡದ ಸುತ್ತ ಹಗ್ಗ ಕಟ್ಟಿತ್ತು.

ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ, ಅದರಲ್ಲೊಬ್ಬ ಮೀಸೆಯವ. "ಇಪ್ಪತ್ತು ರೂಪಾಯಿ ಆಗ್ತದ್ರಿ ಅಕ್ಕಾರ" ಅಂದ.

ಪಾರ್ಕಿಂಗ್ ಅಂತೆ! ಎತ್ತ ನೋಡಿದ್ರೂ ತೊಗರಿ ಹೊಲ, ನಡುವೆ ಒಂದೇ ಒಂದು ಗಿಡ, ಅದರ ನೆರಳಿಗೆ ಪಾರ್ಕಿಂಗ್... ನಗಬೇಕೋ ಜಗಳ ತೆಗೀಬೇಕೋ ತಿಳೀಲಿಲ್ಲ. ಇಂಥ ಹೊತ್ತಲ್ಲಿ ನಾನು ಸಾಮಾನ್ಯವಾಗಿ ಜಗಳಕ್ಕೇ ನಿಲ್ಲೋಳು ಅಂತ ನಿಮಗೆಲ್ಲ ಗೊತ್ತೇ ಇದೆ.

ನನ್ನ ಗುರುತು ಇಲ್ಲದವರಿಗೆ ಹೇಳ್ತೇನೆ. ಆಳಂದದಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ. ದಿನವಿಡೀ ಮಷಿನ್ ಮುಂದೆ ಕೂತು ಶುಗರ್ ಬಂತು, ಡಾಕ್ಟರ್ ನಡೀರಿ ಅಂದ್ರು. ಪಕ್ಕದ ಓಣಿಯ ಶಬಾನಾ ನನ್ನ ಜೊತೆಯಾದಳು. ಭಾನುವಾರ ಈ ಗಿಡದ ತನಕ ಸ್ಕೂಟಿ, ಅಲ್ಲಿಂದ ಹೊಲದ ಹಾದಿಯಲ್ಲಿ ನಡಿಗೆ.

ಅವಳಿಗೆ ಶುಗರ್ ಇಲ್ಲ, ಬಿಪಿ ಇಲ್ಲ. ಗಂಡ ಸೊಲ್ಲಾಪುರದಲ್ಲಿ ಕೆಲಸಕ್ಕಿದ್ದಾನೆ, ಮನೆಯ ರೊಕ್ಕವೆಲ್ಲ ಅತ್ತೆ ಕೈಯಲ್ಲಿ. ವಾರಪೂರ್ತಿ ಮನೆಯೊಳಗೇ ಇರೋ ಹೆಣ್ಣುಮಗಳು ಆ ಹೊಲದ ಹಾದಿಗೆ ಇಳಿದ್ರೆ ದನಿಯೇ ಬೇರೆ ಆಗ್ತದೆ. ಜೋರಾಗಿ ನಗ್ತಾಳೆ, ಹಳ್ಳದ ತನಕ ನನಗಿಂತ ಮುಂದೆ ಹೋಗ್ತಾಳೆ.

ರೊಕ್ಕ ಖರ್ಚಿಲ್ಲ ಅನ್ನೋ ಒಂದೇ ಕಾರಣಕ್ಕೆ ಅತ್ತೆ ಬಿಟ್ಟಿದ್ರು. ಪೆಟ್ರೋಲ್ ನಂದಲ್ವಾ, ಅದರ ಬದಲಿಗೆ ನನ್ನ ಅಂಗಡಿಯ ಬ್ಲೌಸ್‌ಗಳಿಗೆ ಶಬಾನಾ ಹುಕ್ಕು ಹಚ್ಚಿ ಕೊಡ್ತಾಳೆ. ಬೇಡ ಅಂದ್ರೆ ಕೇಳೋದಿಲ್ಲ.

ಆವತ್ತು ಮಾತ್ರ ಬೆಳಿಗ್ಗೆಯೇ ಜಗಳ ಬೇಡ ಅಂತ ನಾನು ಪರ್ಸ್ ತೆಗೆದೆ. ಶಬಾನಾ ನನ್ನ ಕೈ ಹಿಡಿದಳು.

"ನೀವು ಕೊಟ್ರ ಮುಂದಿನ ವಾರ ನಾ ಬರಾಂಗಿಲ್ಲ ಅಕ್ಕಾ."

ಅವಳು ಸುಮ್ಮನೆ ಹೇಳೋಳಲ್ಲ. ವಾರ ವಾರ ನನ್ನ ಹಂಗಿನಲ್ಲಿ ಬರೋದು ಅವಳಿಂದ ಆಗೋದಿಲ್ಲ, ಅತ್ತೆ ಹತ್ರ ಕೇಳಿದ್ರೆ ನಡೆಯೋದೇ ನಿಂತುಹೋಗ್ತದೆ. ಅವನಿಗೆ ಅದು ಬರೀ ಇಪ್ಪತ್ತು ರೂಪಾಯಿ. ಅವಳಿಗೆ ಅದು ಭಾನುವಾರ.

ಮೀಸೆಯವ ಕೆಟ್ಟವನೇನಲ್ಲ ಬಿಡ್ರಿ. ನಮ್ಮ ಮುಖ ನೋಡಿ ತಾನೇ ದಾರಿ ತೋರಿಸಿದ. ನಮ್ಮ ಕಡೆ ಒಂದು ರೂಢಿ ಇದೆಯಲ್ಲ, ದೇವರ ಕಡೆ ಕಾಲ್ನಡಿಗೆಯಲ್ಲಿ ಹೊರಟವರ ಹತ್ರ ಯಾರೂ ರೊಕ್ಕ ಕೇಳೋದಿಲ್ಲ. ನೀರು ಕೊಡ್ತಾರೆ, ಚಹಾ ಕೊಡ್ತಾರೆ.

"ಮುಂದ ಗುಡಿ ಅದ, ಅದರಾಚೆ ದರ್ಗಾ ಅದ. ಯಾವುದರ ಒಂದಕ್ಕ ಹೊಂಟೀವಿ ಅಂದುಬಿಡ್ರಿ, ಗಾಡಿ ಫ್ರೀ."

ನಿಜ ಹೇಳ್ತೇನೆ, ನಾನು ಹೂಂ ಅನ್ನೋಕೆ ಬಾಯಿ ತೆಗೆದಿದ್ದೆ. ಒಂದು ಮಾತಿನಲ್ಲಿ ಮುಗಿಯೋ ಕೆಲಸ.

ಶಬಾನಾ ಅಂದಳು, "ಬ್ಯಾಡ ಭಾಯಿ. ಗಾಡಿ ನಿಲ್ಲಸಾಕ ಖುದಾನ ಹೆಸರು ಹೇಳಾಂಗಿಲ್ಲ ನಾ. ನಾವು ನಮ್ಮ ಸಲುವಾಗಿ ನಡೀಲಾಕ ಬಂದೀವಿ."

ಅವನು ತಲೆ ಕೆರಕೊಂಡ. "ಸುಮ್ನ ನಡಿಯೋರ್ನ ಫ್ರೀ ಬಿಟ್ರ, ನಾಳೆ ಎಲ್ಲಾರೂ ಸುಮ್ನ ನಡೀಲಾಕ ಬರ್ತಾರಲ್ರಿ ಅಕ್ಕಾರ!"

ಬರಲಿ ಬಿಡೋ ಮಾರಾಯ, ಅದರಿಂದ ನಿನ್ನ ಗಂಟೇನು ಹೋಗ್ತದೆ ಅಂತ ಜಗಳಕ್ಕೆ ನಿಂತೆ. ಶಬಾನಾ ನನ್ನನ್ನ ಎಳಕೊಂಡು ಬಂದಳು.

ಸ್ವಲ್ಪ ಮುಂದೆ ರಸ್ತೆ ಬದಿಗೇ ನಿಲ್ಲಿಸಿ ನೋಡಿದೆ. ಹಿಂದಿನ ದಿನ ಮಳೆ ಬಂದಿತ್ತು, ಸ್ಟ್ಯಾಂಡ್ ಕರಿಮಣ್ಣಲ್ಲಿ ಹೂತು ಗಾಡಿ ಮಲಕ್ಕೊಂಡಿತು. ಹಿಂದೆ ಬಂದ ಟ್ರ್ಯಾಕ್ಟರ್‌ನವನ ಬೈಗುಳ ಬೇರೆ. ಆ ಭಾನುವಾರ ನಡೆಯದೇ ವಾಪಸ್ ಬಂದೆವು. ಇಲ್ಲಿಗೆ ಮುಗೀತು ಅಂತ ನನಗೆ ಬಹಳ ಸಂಕಟ ಆಯ್ತು.

ಶನಿವಾರ ಅವಳೇ ಅಂಗಡಿಗೆ ಬಂದಳು. "ನಾಳೆ ಗಾಡಿ ಬ್ಯಾಡ ಅಕ್ಕಾ. ನಮ್ಮ ಮನಿ ಬಾಗಲದಿಂದನೇ ನಡೆಯೂಣು."

ಅಂದ್ರೆ ಓಣಿ ದಾಟಿ, ಬಜಾರ್ ದಾಟಿ, ಬಸ್ ಸ್ಟ್ಯಾಂಡ್ ಮುಂದೆ ಹಾದು, ಇಡೀ ಊರಿನ ಕಣ್ಣೆದುರು! ಇಷ್ಟು ದಿನ ಹೊಲದಲ್ಲಿ ಯಾರೂ ನೋಡ್ತಿರಲಿಲ್ಲ. ನನಗೇ ಮುಜುಗರ ಅನಿಸ್ತಿತ್ತು, ಅವಳಿಗೆ ಇನ್ನೆಷ್ಟೋ...

ಹೊರಟೆವು. ನಮ್ಮ ಕಡೆ ನಡಕೊಂಡು ಹೋಗೋ ಹೆಂಗಸರನ್ನ ನೋಡಿಯೂ ಗಾಡಿ ನಿಲ್ಲಿಸದೇ ಹೋದ್ರೆ ಅದು ತಪ್ಪು. ಬೈಕ್ ನಿಂತಿತು, ಆಟೋ ನಿಂತಿತು, ಕಡೆಗೆ ಜೋಳದ ಚೀಲ ತುಂಬಿದ ಟಂಟಂ ಗಾಡಿ ಕೂಡ ನಿಂತಿತು.

"ಗಾಡಿ ಪಂಚರ್ ಆತೇನ್ರಿ?" "ಯಾರಿಗರ ಆರಾಮಿಲ್ಲೇನ್ರಿ?" ಒಬ್ಬ ಅಜ್ಜನಂತೂ ಯಾರು ತೀರಿಕೊಂಡ್ರು ಅಂತಲೇ ಕೇಳಿದ.

ಎಲ್ಲರಿಗೂ ಇಲ್ರಿ, ಸುಮ್ನೆ ನಡೀತಿದ್ದೀವಿ ಅಂತ ಹೇಳಿ ಹೇಳಿ ನನ್ನ ಬಾಯಿ ನೋಯ್ತು. ಬೇವಿನ ಗಿಡದ ಹತ್ರ ಮೀಸೆಯವ ಕುರ್ಚಿಯಿಂದ ಎದ್ದು ನಿಂತು ನಮ್ಮ ಸ್ಕೂಟಿ ಹುಡುಕಿದ. ಇಲ್ಲದ ಗಾಡಿಗೆ ಏನು ಕೇಳ್ತಾನೆ ಪಾಪ!

ನಾವು ವಾಪಸ್ ಬರೋದ್ರೊಳಗೆ ಸುದ್ದಿ ಮನೆ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ರು. ಇಬ್ಬರ ಚಪ್ಪಲಿಯ ಕೆಸರು ನೋಡಿ, ಊರೆಲ್ಲ ನೋಡೋ ಹಾಗೆ ನಡಕೊಂಡು ಎಲ್ಲಿಗೆ ಹೋಗಿದ್ದಿ ಅಂತ ಸೊಸೆಯನ್ನ ಕೇಳಿದ್ರು.

ಗುಡಿ, ದರ್ಗಾ, ನನ್ನ ಶುಗರ್... ಯಾವ ನೆಪ ಬೇಕಾದ್ರೂ ಹೇಳಬಹುದಿತ್ತು. ನಾನೇ ಒಂದು ಹೇಳಬೇಕು ಅಂತ ಮುಂದೆ ಬಂದೆ.

"ಕಹಾಂಬೀ ನೈ ಅಮ್ಮೀ. ಚಲ್‌ಕೋ ಆಯಿ." ಎಲ್ಲಿಗೂ ಇಲ್ಲ, ನಡೆದು ಬಂದೆ ಅಂತ ಹೇಳಿ ಶಬಾನಾ ಒಳಗೆ ಹೋದಳು.

ಅತ್ತೆ ಇನ್ನೂ ಸಿಟ್ಟಿನಲ್ಲೇ ಇದ್ದಾರೆ, ಸರಿಯಾಗಿ ಮಾತಾಡ್ತಿಲ್ಲವಂತೆ. ಅದಾದ ಮೇಲಿನ ಒಂದು ಭಾನುವಾರವನ್ನೂ ನಾವು ಬಿಟ್ಟಿಲ್ಲ. ಇವತ್ತು ನಾನು ಹೋಗೋಷ್ಟರಲ್ಲಿ ಅವಳು ಚಪ್ಪಲಿ ಹಾಕ್ಕೊಂಡು ಓಣಿಯ ತುದಿಗೆ ಬಂದು ನಿಂತಿದ್ದಳು, ಲೇಟ್ ಯಾಕೆ ಅಂತ ನನಗೇ ಬೈದಳು.

ದೇವರ ಹೆಸರು ಹೇಳದೇ, ರೋಗದ ಹೆಸರು ಹೇಳದೇ ಒಬ್ಬ ಹೆಣ್ಣುಮಗಳು ತನ್ನ ಸಲುವಾಗಿ ನಡೆದು ಬರಬೇಕಂದ್ರೆ ನಿಮ್ಮೂರಲ್ಲಿ ಎಷ್ಟು ತೆರಬೇಕ್ರಿ?