ಗಾದ್ರಮ್ಮ ಬಾಯಿಬಿಟ್ಟು ಹೇಳದ ಹೆಸರು

ಜಗಳೂರಿನಾಚೆ ನಾವು ಹನ್ನೊಂದು ಜನ ಹೊಲದವರು ಕೂಡಿ, ಬದುಗಳನ್ನು ಹತ್ತಡಿ ಅಗಲ ಉಳದೆ ಬಿಟ್ಟೆವು. ಕಾರೆ, ಕವಳೆ, ತಂಗಡಿಯ ಪೊದೆ ಬೆಳೆದು, ಅದರ ಮರೆಯಲ್ಲಿ ಕಾಡಿನ ಕೊಂಡುಕುರಿ, ಆ ನಾಲ್ಕು ಕೊಂಬಿನ ಜಿಂಕೆಯಂಥದ್ದು, ಕಟ್ಟೆಯ ನೀರಿಗೆ ಬರಲಿ ಎಂದು. ಎಲ್ಲಿಂದಲೋ ಬಂದು ಹಬ್ಬಿದ ಬಳ್ಳಾರಿ ಜಾಲಿಯನ್ನು ಮಾತ್ರ ಕೊಯ್ಯಿಸುವುದು. ಉಳಿಸುವ ಗಿಡಗಳ ಪಟ್ಟಿ ಬರೆಯುವ ಕೆಲಸ ನನ್ನದು. ನನಗೆ ಗಿಡ ಗೊತ್ತೆಂದಲ್ಲ, ಅಕ್ಷರ ದುಂಡಗಿದೆಯೆಂದು.

ನಡುವಿನ ಎರಡೆಕರೆ ಗಾದ್ರಮ್ಮನದು. ಅರವತ್ತು ದಾಟಿದ ಹೆಂಗಸು. ಗಂಡ ಬನ್ನೆಪ್ಪ ತೀರಿಕೊಂಡು ಒಂಬತ್ತು ವರ್ಷ; ಸಮಾಧಿ ಬದುವಿನಲ್ಲೇ. ಗಂಡನ ಹೆಸರು ಹೇಳಬಾರದೆಂಬ ಪದ್ಧತಿಯನ್ನು ಆಕೆಯಷ್ಟು ಕಟ್ಟುನಿಟ್ಟಾಗಿ ನಡೆಸಿದವರಿಲ್ಲ. ನೆಂಟರು ಬಂದರೆ "ಬರ್ರಿ" ಎಂದಾಳೇ ಹೊರತು "ಬನ್ನಿ" ಎಂದವಳಲ್ಲ. ದಸರೆಯಲ್ಲಿ ಬನ್ನಿಸೊಪ್ಪು ಕೊಡುವಾಗಲೂ ಬರೀ "ಬಂಗಾರ" ಎನ್ನುತ್ತಿದ್ದಳು.

ಪಟ್ಟಿ ಬರೆಯುವಾಗ ಹೇಳಿದಳು: "ಸಮಾಧಿ ತಲೆದೆಸೇಲಿ ಯಜಮಾನ್ರ ಗಿಡ ಐತೆ, ಬರ್ಕಳ್ರಿ."

ಬನ್ನೆಪ್ಪ ನೆಟ್ಟ ಬೇವು ಅಲ್ಲೇ ಇತ್ತು. ನಾನು ಜಾಣ; "ಬೇವು" ಎಂದು ಬರೆದೆ.

ಜಾಲಿ ಕೊಯ್ಯುವ ದಿನ, ಮಟಮಟ ಮಧ್ಯಾಹ್ನ. ಗಾಳಿಯಿಲ್ಲ, ಹಕ್ಕಿಯ ದನಿಯಿಲ್ಲ. ನಮ್ಮ ನೆರಳುಗಳೂ ಕಾಲಡಿ ಅಡಗಿದ್ದವು. ಗರಗಸದ ಮಷೀನು ಹಿಡಿದ ಮಾರುತೇಶ ಸಮಾಧಿಯ ಹತ್ತಿರ ನಿಂತ. ಜಾಲಿಯ ನಡುವೆ ಆಳೆತ್ತರದ ಇನ್ನೊಂದು ಮುಳ್ಳಿನ ಗಿಡ.

"ಇದು ಪಟ್ಟೀಲಿ ಐತೇನ್ರೀ?"

ಚುಚ್ಚುವುದೆಲ್ಲ ನನಗೆ ಒಂದೇ. "ಜಾಲೀನೇ ಕಣೋ, ಕೊಯ್ಯಿ."

ಗಾದ್ರಮ್ಮ ಓಡಿ ಬಂದಳು. "ಏ, ಮುಟ್ಟಬ್ಯಾಡ! ಯಜಮಾನ್ರದು ಅದು!"

"ಯಜಮಾನ್ರದು ಆ ಬೇವಲ್ಲೇನಕ್ಕ?"

"ಬೇವಂತೆ ಬೇವು! ನಿಮ್ ಓದಿಗಿಷ್ಟು! ಅವರ ಹೆಸರಿನ..."

ಅಷ್ಟರಲ್ಲಿ ನನ್ನ ಮಾತು ಹಿಡಿದು ಮಾರುತೇಶ ಮಷೀನು ಚಾಲೂ ಮಾಡಿದ್ದ; ಅದರ ಗದ್ದಲದಲ್ಲಿ ಮಿಕ್ಕದ್ದು ಮುಳುಗಿತು. ಹಲ್ಲು ಕಾಂಡಕ್ಕೆ ತಾಗಿತು. ಆಗ ಆಕೆ, ನಲವತ್ತು ವರ್ಷ ನುಂಗಿಕೊಂಡಿದ್ದನ್ನು ಕೂಗಿಬಿಟ್ಟಳು:

"ಬನ್ನಿ! ಬನ್ನೀ!"

ಮಷೀನು ನಿಂತಿತು. ತಾನು ನಿಲ್ಲಿಸಲಿಲ್ಲವೆಂದು ಮಾರುತೇಶ ಈಗಲೂ ಆಣೆ ಹಾಕುತ್ತಾನೆ.

ಆ ಮೌನದಲ್ಲಿ, ಸಮಾಧಿಯ ಹಿಂದೆ ಯಾರೋ ಕೆಮ್ಮಿದರು. ಒಂದೇ ಸಲ, ಕರೆದದ್ದಕ್ಕೆ ಓಗೊಟ್ಟಂತೆ. ತಂಗಡಿ ಅಲುಗಿತು. ಹುಲ್ಲು ಬಾಗುತ್ತ ಬಾಗುತ್ತ ನಮ್ಮ ಕಡೆಗೇ ಬಂದು, ಬನ್ನಿಯ ಬುಡದಲ್ಲಿ ನಿಂತಿತು. ಅಲ್ಲಿ ಏನೂ ಕಾಣಲಿಲ್ಲ.

"ಕೊಂಡುಕುರಿ ಕಣ್ರೋ, ಅದು ಹಂಗೇ ಕೂಗಾದು!" ಎಂದು ಎಲ್ಲರಿಗೂ ಧೈರ್ಯ ಹೇಳಿದವನು ನಾನೇ, ಅಷ್ಟರಲ್ಲಿ ಎರಡು ಹೊಲ ದಾಟಿದ್ದೆ.

ತಿರುಗಿ ನೋಡಿದರೆ ಗಾದ್ರಮ್ಮ ಅಲ್ಲೇ ಇದ್ದಳು. ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಕಾಲುದಾರಿಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಬಿಟ್ಟು ನಿಂತಿದ್ದಳು.